ಒಂದೇ ಶುಕ್ರವಾರ ಐದು ರಾಜೀನಾಮೆ

ಅಮೆರಿಕದ ವಿಶ್ವವಿದ್ಯಾಲಯಗಳು ಕ್ರೀಡೆಗಾಗಿ ಕಟ್ಟಿಕೊಂಡಿರುವ ಕೂಟಗಳನ್ನು ಕಾನ್ಫರೆನ್ಸ್ ಎನ್ನುತ್ತಾರೆ. ಎಂಟೋ ಹತ್ತೋ ಹದಿನಾರೋ ವಿಶ್ವವಿದ್ಯಾಲಯಗಳು ಸೇರಿದರೆ ಒಂದು ಕಾನ್ಫರೆನ್ಸ್. ವರ್ಷದಲ್ಲಿ ಯಾರು ಯಾರೊಡನೆ ಆಡಬೇಕು, ಪ್ರಶಸ್ತಿ ಯಾರಿಗೆ, ಟಿ.ವಿ.ಯಿಂದ ಬಂದ ಹಣದಲ್ಲಿ ಯಾರ ಪಾಲು ಎಷ್ಟು ಎಂಬುದನ್ನೆಲ್ಲ ತೀರ್ಮಾನಿಸುವುದು ಈ ಕೂಟವೇ. 1906ರಲ್ಲಿ ಹುಟ್ಟಿದ ಎನ್‌ಸಿಎಎ ಇಡೀ ದೇಶದ ಕಾಲೇಜು ಕ್ರೀಡೆಗೆ ನಿಯಮ ರೂಪಿಸುತ್ತದೆ, ಆದರೆ ಯಾವ ವಿಶ್ವವಿದ್ಯಾಲಯ ಯಾವ ಕೂಟದಲ್ಲಿರಬೇಕು ಎಂಬ ವಿಷಯಕ್ಕೆ ಅದು ತಲೆಹಾಕುವುದಿಲ್ಲ. ಯುರೋಪಿನ ಫುಟ್‌ಬಾಲ್ ಲೀಗ್‌ಗಳಲ್ಲಿರುವಂತೆ ಗೆದ್ದವರಿಗೆ ಬಡ್ತಿ, ಸೋತವರಿಗೆ ಹಿಂಬಡ್ತಿ ಎಂಬ ಪದ್ಧತಿಯೂ ಇಲ್ಲಿಲ್ಲ. ದೊಡ್ಡ ಕೂಟದಿಂದ ಕರೆ ಬಂದವರು ಹೋಗುತ್ತಾರೆ, ಬಾರದವರು ಇದ್ದಲ್ಲೇ ಇರುತ್ತಾರೆ. ಇರುವ ಜಾಗವೇ ಕಾಲಡಿಯಿಂದ ಸರಿದುಹೋದರೆ ಏನು ಮಾಡಬೇಕು ಎಂಬುದಕ್ಕೆ ಯಾವ ನಿಯಮವೂ ಇಲ್ಲ.

ಮೊದಮೊದಲು ಈ ಕೂಟಗಳನ್ನು ಬೆಸೆದದ್ದು ಭೂಗೋಳ. ಇಂದಿನ ಬಿಗ್ ಟೆನ್ 1896ರಲ್ಲಿ ಷಿಕಾಗೊದಲ್ಲಿ ಶುರುವಾದಾಗ ಅದರಲ್ಲಿದ್ದವು ಮಧ್ಯಪಶ್ಚಿಮದ ಏಳು ವಿಶ್ವವಿದ್ಯಾಲಯಗಳು. ರೈಲಿನಲ್ಲಿ ಹೋಗಿ ಆಡಿ ಬರುವಷ್ಟು ಹತ್ತಿರದವು. ಪಶ್ಚಿಮ ತೀರದಲ್ಲಿ 1915ರಲ್ಲಿ ಪೆಸಿಫಿಕ್ ಕೋಸ್ಟ್ ಕಾನ್ಫರೆನ್ಸ್ ಹುಟ್ಟಿತು. ಕ್ಯಾಲಿಫೋರ್ನಿಯ, ವಾಷಿಂಗ್ಟನ್, ಆರೆಗನ್ ವಿಶ್ವವಿದ್ಯಾಲಯಗಳು ಮತ್ತು ಮುಂದೆ ಆರೆಗನ್ ಸ್ಟೇಟ್ ಎನಿಸಿದ ಕೃಷಿ ಕಾಲೇಜು ಅದರ ಸ್ಥಾಪಕರು. ಎರಡು ವರ್ಷದಲ್ಲಿ ವಾಷಿಂಗ್ಟನ್ ಸ್ಟೇಟ್ ಬಂತು. ಆಟಗಾರರಿಗೆ ಗುಟ್ಟಾಗಿ ಹಣ ಕೊಟ್ಟ ಹಗರಣಗಳಿಂದ 1959ರಲ್ಲಿ ಆ ಕೂಟ ಮುರಿದುಬಿತ್ತು. ಲಾಸ್ ಏಂಜಲಿಸ್, ಸ್ಯಾನ್ ಫ್ರಾನ್ಸಿಸ್ಕೊ ಭಾಗದ ಮತ್ತು ಸಿಯಾಟಲ್‌ನ ದೊಡ್ಡ ಸಂಸ್ಥೆಗಳು ಕೂಡಲೇ ತಮ್ಮದೇ ಹೊಸ ಕೂಟ ಕಟ್ಟಿಕೊಂಡವು. ವಾಷಿಂಗ್ಟನ್ ಸ್ಟೇಟ್, ಆರೆಗನ್, ಆರೆಗನ್ ಸ್ಟೇಟ್, ಐಡಾಹೊ ಹೊರಗುಳಿದವು. ವಾಷಿಂಗ್ಟನ್ ಸ್ಟೇಟ್‌ಗೆ 1962ರಲ್ಲಿ, ಆರೆಗನ್‌ನ ಎರಡಕ್ಕೂ 1964ರಲ್ಲಿ ಬಾಗಿಲು ತೆರೆಯಿತು. ಐಡಾಹೊಗೆ ಎಂದೂ ತೆರೆಯಲಿಲ್ಲ. ಹಲವು ಸಣ್ಣ ಕೂಟಗಳನ್ನು ಸುತ್ತಿದ ಆ ವಿಶ್ವವಿದ್ಯಾಲಯವನ್ನು ಕೊನೆಗೆ ಸನ್ ಬೆಲ್ಟ್ ಎಂಬ ಕೂಟವೂ ಕೈಬಿಟ್ಟಿತು. 2018ರಲ್ಲಿ ಅದರ ಫುಟ್‌ಬಾಲ್ ತಂಡ ತಾನಾಗಿಯೇ ಕೆಳಗಿನ ವಿಭಾಗಕ್ಕೆ ಇಳಿಯಿತು. ಐಡಾಹೊ ವಿಶ್ವವಿದ್ಯಾಲಯದಿಂದ ವಾಷಿಂಗ್ಟನ್ ಸ್ಟೇಟ್ ಇರುವ ಪುಲ್‌ಮನ್ ಊರು ಹದಿಮೂರು ಕಿಲೊಮೀಟರ್ ದೂರದಲ್ಲಿದೆ. ಕೂಟ ತಪ್ಪಿದವರ ಪಾಡು ಏನೆಂದು ಪುಲ್‌ಮನ್‌ನವರಿಗೆ ಯಾರೂ ಹೇಳಿಕೊಡಬೇಕಾಗಿರಲಿಲ್ಲ.

ಭೂಗೋಳದ ಜಾಗಕ್ಕೆ ಟಿ.ವಿ. ಬಂದದ್ದು 1984ರ ಜೂನ್‌ನಲ್ಲಿ. ಅಲ್ಲಿಯವರೆಗೆ ಕಾಲೇಜು ಫುಟ್‌ಬಾಲಿನ ಪ್ರಸಾರ ಹಕ್ಕು ಎನ್‌ಸಿಎಎ ಕೈಯಲ್ಲಿತ್ತು. ಯಾವ ತಂಡ ಟಿ.ವಿ.ಯಲ್ಲಿ ಎಷ್ಟು ಸಲ ಕಾಣಿಸಿಕೊಳ್ಳಬೇಕೆಂಬುದಕ್ಕೂ ಅದು ಮಿತಿ ಹಾಕಿತ್ತು. ಓಕ್ಲಹೋಮ ಮತ್ತು ಜಾರ್ಜಿಯ ವಿಶ್ವವಿದ್ಯಾಲಯಗಳು ಹೂಡಿದ ದಾವೆಯಲ್ಲಿ ಸುಪ್ರೀಂ ಕೋರ್ಟ್ ಇದನ್ನು ಏಕಸ್ವಾಮ್ಯ ವಿರೋಧಿ ಕಾನೂನಿಗೆ ವಿರುದ್ಧವೆಂದು 7–2ರ ಬಹುಮತದಿಂದ ರದ್ದುಪಡಿಸಿತು. ಅಂದಿನಿಂದ ಹಕ್ಕು ಮಾರುವ ಅಧಿಕಾರ ವಿಶ್ವವಿದ್ಯಾಲಯಗಳಿಗೂ ಅವುಗಳ ಕೂಟಗಳಿಗೂ ಬಂತು. ಪಕ್ಕದ ಊರಿನ ಎದುರಾಳಿಗಿಂತ ದೂರದ ಮಹಾನಗರದ ಸದಸ್ಯನೇ ಲಾಭದ ಸದಸ್ಯನಾದ. ಇಲ್ಲಿ ಫುಟ್‌ಬಾಲ್ ಎಂದರೆ ಚೆಂಡನ್ನು ಕೈಯಲ್ಲಿ ಹಿಡಿದು ಓಡುವ ಅಮೆರಿಕನ್ ಆಟ. ದೊಡ್ಡ ಹಣವೆಲ್ಲ ಅದರದು. ಈಜು, ವಾಲಿಬಾಲ್, ಬೇಸ್‌ಬಾಲ್, ಅಥ್ಲೆಟಿಕ್ಸ್ ಅದರ ಬೆನ್ನು ಹತ್ತಿ ಹೋಗುತ್ತವೆ.

ಹೊಸ ಲೆಕ್ಕಾಚಾರಕ್ಕೆ ಮೊದಲು ಬಲಿಯಾದ ದೊಡ್ಡ ಕೂಟ ಟೆಕ್ಸಸ್‌ನ ಸೌತ್‌ವೆಸ್ಟ್ ಕಾನ್ಫರೆನ್ಸ್. 1990ರಲ್ಲಿ ಆರ್ಕನ್ಸಾ ಅದನ್ನು ಬಿಟ್ಟು ಆಗ್ನೇಯ ರಾಜ್ಯಗಳ ಎಸ್‌ಇಸಿ ಸೇರುವುದಾಗಿ ಹೇಳಿದ ಮೇಲೆ ಉಳಿದವೆಲ್ಲ ಒಂದೇ ರಾಜ್ಯದವು, ಟಿ.ವಿ. ಕಂಪನಿಗೆ ಒಂದೇ ರಾಜ್ಯದ ಮಾರುಕಟ್ಟೆ ಸಾಲದು. ಟೆಕ್ಸಸ್, ಟೆಕ್ಸಸ್ ಎ ಅಂಡ್ ಎಂ, ಟೆಕ್ಸಸ್ ಟೆಕ್, ಬೇಲರ್ ವಿಶ್ವವಿದ್ಯಾಲಯಗಳು ಬಯಲು ಸೀಮೆಯ ಬಿಗ್ ಎಯ್ಟ್ ಕೂಟದೊಡನೆ ಸೇರಿ 1996ರಲ್ಲಿ ಬಿಗ್ 12 ಆದವು. ಟೆಕ್ ಮತ್ತು ಬೇಲರ್‌ಗೆ ಜಾಗ ಸಿಕ್ಕಿದ್ದರಲ್ಲಿ ರಾಜ್ಯದ ರಾಜಕಾರಣಿಗಳ ಕೈ ಎಷ್ಟಿತ್ತು ಎಂಬ ಚರ್ಚೆ ಟೆಕ್ಸಸ್‌ನಲ್ಲಿ ಇನ್ನೂ ಮುಗಿದಿಲ್ಲ. ಹೊರಗುಳಿದವರು ನಾಲ್ವರು: ಟಿಸಿಯು, ಎಸ್‌ಎಂಯು, ಹ್ಯೂಸ್ಟನ್, ರೈಸ್. ಟಿಸಿಯು ಮೂರು ಕೂಟ ಬದಲಿಸಿ, ನಾಲ್ಕನೆಯದಕ್ಕೆ ಸೇರುತ್ತೇನೆಂದು ಒಪ್ಪಿ ಒಂದು ಪಂದ್ಯವನ್ನೂ ಆಡದೆ, 2012ರಲ್ಲಿ ಬಿಗ್ 12 ತಲುಪಿತು. ಹ್ಯೂಸ್ಟನ್ 2023ರವರೆಗೆ ಕಾಯಿತು. ಎಸ್‌ಎಂಯು 2024ರಲ್ಲಿ ಎಸಿಸಿ, ಅಂದರೆ ಅಟ್ಲಾಂಟಿಕ್ ಕೋಸ್ಟ್ ಕಾನ್ಫರೆನ್ಸ್ ಸೇರಿತು. ಅದಕ್ಕಾಗಿ ಒಂಬತ್ತು ವರ್ಷ ಟಿ.ವಿ. ಹಣವೇ ಬೇಡವೆಂದು ಒಪ್ಪಿಕೊಂಡಿತು. ರೈಸ್ ಅಗ್ರಪಂಕ್ತಿಗೆ ಮರಳಿಯೇ ಇಲ್ಲ. 2013ರಲ್ಲಿ ಬಿಗ್ ಈಸ್ಟ್ ಎಂಬ ಕೂಟ ಒಡೆದಾಗ ಕನೆಕ್ಟಿಕಟ್‌ಗೂ ಇದೇ ಗತಿಯಾಯಿತು. ಮಹಿಳಾ ಬಾಸ್ಕೆಟ್‌ಬಾಲಿನಲ್ಲಿ ದೇಶಕ್ಕೇ ದೊಡ್ಡಣ್ಣನಾಗಿದ್ದರೂ ಫುಟ್‌ಬಾಲಿನ ತೂಕ ಕಡಿಮೆಯೆಂದು ಯಾರೂ ಅದನ್ನು ಕರೆಯಲಿಲ್ಲ.

ಇಂಥ ಸ್ಥಾನಪಲ್ಲಟ ಪ್ರತಿ ಸಲವೂ ಆಘಾತವಾಗಿ ಬರುತ್ತದೆ. ಅದಕ್ಕೆ ಯಾರೋ ಮೈಮರೆತದ್ದಷ್ಟೇ ಕಾರಣವಲ್ಲ, ವ್ಯವಸ್ಥೆ ಇರುವುದೇ ಹಾಗೆ. ಒಂದು ಕೂಟ ಇನ್ನೊಂದರ ಸದಸ್ಯನನ್ನು ಬಹಿರಂಗವಾಗಿ ಸೆಳೆದರೆ ಕರಾರಿಗೆ ಭಂಗ ತಂದಿತೆಂದು ಕೋರ್ಟಿಗೆಳೆಯಬಹುದು. ಆದ್ದರಿಂದ ಕಾಗದದ ಮೇಲೆ ಯಾರೂ ಯಾರನ್ನೂ ಕರೆಯುವುದಿಲ್ಲ. ವಿಶ್ವವಿದ್ಯಾಲಯ ತಾನಾಗಿ ಅರ್ಜಿ ಹಾಕುತ್ತದೆ, ಕೂಟ ಅದನ್ನು ಸ್ವೀಕರಿಸುತ್ತದೆ. ಅದಕ್ಕೂ ಮುಂಚಿನ ಮಾತುಕತೆಯೆಲ್ಲ ಸಲಹೆಗಾರರು, ವಕೀಲರು, ಟಿ.ವಿ. ಅಧಿಕಾರಿಗಳ ಮೂಲಕ ಫೋನಿನಲ್ಲೇ ಮುಗಿದಿರುತ್ತದೆ. ಬಿಡುತ್ತೇನೆಂದು ನೋಟಿಸ್ ಕೊಟ್ಟವರು ಆಡಳಿತ ಮಂಡಳಿಯಲ್ಲಿ ಮತದ ಹಕ್ಕು ಕಳೆದುಕೊಳ್ಳುತ್ತಾರೆಂದು ಕೂಟಗಳ ಉಪವಿಧಿಗಳಲ್ಲಿ ಬರೆದಿರುತ್ತದೆ. ನಿಷ್ಠೆ ಉಳಿಸಬೇಕೆಂದು ಮಾಡಿದ ಈ ವಿಧಿಯಿಂದ ಆಗುವುದು ಬೇರೆಯೇ: ಹೊರಡುವವರು ಕೊನೆಯ ಗಳಿಗೆಯವರೆಗೆ ಅದೇ ಮೇಜಿನ ಮುಂದೆ ಕೂತು, ಮುಂದಿನ ಯೋಜನೆಗಳಿಗೆ ತಲೆಯಾಡಿಸುತ್ತಿರುತ್ತಾರೆ. ತೀರ್ಮಾನ ಮಾಡುವವರು ವಿಶ್ವವಿದ್ಯಾಲಯದ ಅಧ್ಯಕ್ಷರು, ಕ್ರೀಡಾ ನಿರ್ದೇಶಕರು ಮತ್ತು ಮೇಲಿನ ಮಂಡಳಿಯ ಕೆಲವರು. ತರಬೇತುದಾರರಿಗೆ, ಆಟಗಾರರಿಗೆ ಸುದ್ದಿ ತಿಳಿಯುವುದು ಮೊಬೈಲಿನಲ್ಲಿ, ಉಳಿದ ಜನರೊಡನೆಯೇ.

2021ರ ಜುಲೈ 21ರಂದು ನಡೆದದ್ದು ಇದಕ್ಕೆ ಮಾದರಿ. ಅಲಬಾಮದ ಹೂವರ್‌ನಲ್ಲಿ ಎಸ್‌ಇಸಿಯ ವಾರ್ಷಿಕ ಪತ್ರಕರ್ತರ ಮೇಳ ನಡೆಯುತ್ತಿತ್ತು. ಟೆಕ್ಸಸ್ ಮತ್ತು ಓಕ್ಲಹೋಮ ಬಿಗ್ 12 ತೊರೆದು ಎಸ್‌ಇಸಿ ಸೇರಲು ಹೊರಟಿವೆ ಎಂಬ ವರದಿಯನ್ನು ಹ್ಯೂಸ್ಟನ್ ಕ್ರಾನಿಕಲ್ ಪತ್ರಿಕೆ ಅದೇ ಹೊತ್ತಿಗೆ ಪ್ರಕಟಿಸಿತು. ಬಿಗ್ 12ರ ಕಮಿಷನರ್ ಬಾಬ್ ಬೌಲ್ಸ್‌ಬಿ ಅವರಿಗೆ ಇದರ ಸುಳಿವಿರಲಿಲ್ಲ. ಟೆಕ್ಸಸ್‌ನ ನೆರಳು ತಪ್ಪಿಸಿಕೊಳ್ಳಲೆಂದೇ 2012ರಲ್ಲಿ ಎಸ್‌ಇಸಿ ಸೇರಿದ್ದ ಟೆಕ್ಸಸ್ ಎ ಅಂಡ್ ಎಂ ಆ ಮೇಳದಲ್ಲೇ ಇತ್ತು, ಅದಕ್ಕೂ ಗೊತ್ತಿರಲಿಲ್ಲ. ಒಂದು ವಾರದಲ್ಲಿ ಬೌಲ್ಸ್‌ಬಿ ಇಎಸ್‌ಪಿಎನ್ ವಾಹಿನಿಗೆ ಎಚ್ಚರಿಕೆಯ ಪತ್ರ ಕಳಿಸಿದರು, ಆದರೆ ಅದಾಗಲೇ ಎಲ್ಲ ಇತ್ಯರ್ಥವಾಗಿತ್ತು.

ಬಿಗ್ 12ರಲ್ಲಿ ಅನಾಥರಾದ ಎಂಟು ಸಂಸ್ಥೆಗಳು ಪಶ್ಚಿಮ ತೀರದ ಪ್ಯಾಕ್-12 ಕಡೆ ನೋಡಿದವು. ಅದು 1959ರಲ್ಲಿ ಮುರಿದ ಹಳೆಯ ಕೂಟದ ಉತ್ತರಾಧಿಕಾರಿ. ಐನೂರಕ್ಕೂ ಹೆಚ್ಚು ರಾಷ್ಟ್ರೀಯ ಪ್ರಶಸ್ತಿಗಳ ಒಡೆತನದ ಜಂಬವೂ ಅದಕ್ಕಿತ್ತು. ಆ ಆಗಸ್ಟ್ 24ರಂದು ಪ್ಯಾಕ್-12, ಬಿಗ್ ಟೆನ್ ಮತ್ತು ಎಸಿಸಿ ಸೇರಿ ತಮ್ಮದೊಂದು ಮೈತ್ರಿಕೂಟ ಘೋಷಿಸಿದವು. ಸಹಿ ಹಾಕಿದ ಕರಾರು ಯಾವುದೂ ಇರಲಿಲ್ಲ, ನಂಬಿಕೆಯೇ ಸಾಕು ಎಂದರು. ಎರಡು ದಿನಗಳ ಬಳಿಕ ಪ್ಯಾಕ್-12 ತಾನು ಹೊಸಬರನ್ನು ಸೇರಿಸಿಕೊಳ್ಳುವುದಿಲ್ಲ ಎಂದು ಪ್ರಕಟಿಸಿತು. ಈ ಕಥೆಯ ದೊಡ್ಡ ತಪ್ಪು ಹೆಜ್ಜೆ ಇದೇ. ಎದುರಾಳಿ ಕೂಟ ನೆಲಕಚ್ಚಿದ್ದಾಗ ಅದರಲ್ಲಿ ಉಳಿದವರನ್ನು ತಂದುಕೊಳ್ಳದವರಿಗೆ ಎರಡು ವರ್ಷದಲ್ಲಿ ಅದೇ ಕೂಟ ಯಮನಾಗಿ ಬಂತು.

ಮೈತ್ರಿಯ ಆಯುಸ್ಸು ಹತ್ತು ತಿಂಗಳು. 2022ರ ಜೂನ್ 30ರಂದು ಲಾಸ್ ಏಂಜಲಿಸ್‌ನ ಯುಎಸ್‌ಸಿ ಮತ್ತು ಯುಸಿಎಲ್‌ಎ ಪ್ಯಾಕ್-12 ಬಿಟ್ಟು ಮಿತ್ರನೆನಿಸಿಕೊಂಡಿದ್ದ ಬಿಗ್ ಟೆನ್ ಸೇರುವುದಾಗಿ ಘೋಷಿಸಿದವು. ಯುಸಿಎಲ್‌ಎ ಸಾರ್ವಜನಿಕ ಸಂಸ್ಥೆ. ಅದನ್ನೂ ಕೂಟದ ಇನ್ನೊಬ್ಬ ಸದಸ್ಯ ಬರ್ಕ್‌ಲಿಯ ಕ್ಯಾಲಿಫೋರ್ನಿಯ ವಿಶ್ವವಿದ್ಯಾಲಯವನ್ನೂ ಆಳುವುದು ಒಂದೇ ರೀಜೆಂಟರ ಮಂಡಳಿ. ರಾಜ್ಯದ ಗವರ್ನರ್ ಅದರ ಪದನಿಮಿತ್ತ ಸದಸ್ಯರು. ಆದರೂ ಗವರ್ನರ್ ಗ್ಯಾವಿನ್ ನ್ಯೂಸಮ್ ಜುಲೈನಲ್ಲಿ ಸಭೆಗೆ ಬಂದು, ಒಡಹುಟ್ಟಿದ ಬರ್ಕ್‌ಲಿಯನ್ನು ಕೈಬಿಟ್ಟದ್ದೇಕೆಂದು ವಿವರಣೆ ಕೇಳಬೇಕಾಯಿತು. ಇಂಥ ಒಪ್ಪಂದಗಳಿಗೆ ಸಹಿ ಹಾಕುವ ಅಧಿಕಾರ 1991ರಿಂದಲೇ ಆಯಾ ಕ್ಯಾಂಪಸ್ಸಿನ ಮುಖ್ಯಸ್ಥರದಾಗಿತ್ತು. ಯಾರೂ ಅದನ್ನು ಗಮನಿಸಿರಲಿಲ್ಲ. ಯುಸಿಎಲ್‌ಎ ಕ್ರೀಡಾ ವಿಭಾಗದ ತಲೆಯ ಮೇಲೆ ಹತ್ತು ಕೋಟಿ ಡಾಲರಿಗೂ ಮೀರಿದ ಕೊರತೆಯಿತ್ತು. ಬಿಗ್ ಟೆನ್‌ನ ಪಾಲು ವರ್ಷಕ್ಕೆ ಆರು ಕೋಟಿ ಡಾಲರ್ ದಾಟುವ ಅಂದಾಜಿತ್ತು. ಡಿಸೆಂಬರಿನಲ್ಲಿ ರೀಜೆಂಟರು ಒಪ್ಪಿಗೆ ಕೊಟ್ಟರು, ಬರ್ಕ್‌ಲಿಗೆ ಪರಿಹಾರ ಕೊಡಬೇಕೆಂಬ ಷರತ್ತಿನೊಡನೆ. ಅದು ಮುಂದೆ ವರ್ಷಕ್ಕೆ ಒಂದು ಕೋಟಿ ಡಾಲರ್ ಎಂದು ನಿಗದಿಯಾಯಿತು.

ಪ್ಯಾಕ್-12 ಇಷ್ಟು ಸುಲಭವಾಗಿ ಕುಸಿದದ್ದೇಕೆ ಎಂದು ತಿಳಿಯಲು ಅದರ ಟಿ.ವಿ. ಒಪ್ಪಂದದ ದಿನಾಂಕ ನೋಡಬೇಕು. ಕೂಟದ ಸದಸ್ಯರು ತಮ್ಮ ಅಂಗಳದಲ್ಲಿ ನಡೆಯುವ ಪಂದ್ಯಗಳ ಪ್ರಸಾರ ಹಕ್ಕನ್ನು ಒಂದು ಅವಧಿಗೆ ಕೂಟಕ್ಕೇ ಬರೆದುಕೊಡುತ್ತಾರೆ. ಗ್ರಾಂಟ್ ಆಫ್ ರೈಟ್ಸ್ ಎಂಬ ಈ ಕರಾರು ಜಾರಿಯಲ್ಲಿರುವವರೆಗೆ ಬಿಟ್ಟುಹೋದವರ ಪಂದ್ಯವೂ ಹಳೆಯ ಕೂಟದ ಸೊತ್ತು. ಹಾಗಾಗಿ ಹೊಸ ಕೂಟಕ್ಕೆ ಅವರಿಂದ ಲಾಭವಿಲ್ಲ. ಟೆಕ್ಸಸ್ ಮತ್ತು ಓಕ್ಲಹೋಮ 2024ರಲ್ಲೇ, ಒಂದು ವರ್ಷ ಮುಂಚಿತವಾಗಿ, ಹೊರಬೀಳಲು ಇಬ್ಬರೂ ಸೇರಿ ಹತ್ತು ಕೋಟಿ ಡಾಲರ್ ತೆರಬೇಕಾಗಿ ಬಂದದ್ದು ಇದರಿಂದಲೇ. ಪ್ಯಾಕ್-12ರ ಕರಾರು 2024ರ ಬೇಸಿಗೆಗೆ ತಾನಾಗಿ ಮುಗಿಯುತ್ತಿತ್ತು. ಆಮೇಲೆ ಹೊರಡುವವರು ಬಿಡಿಗಾಸೂ ದಂಡ ಕಟ್ಟಬೇಕಿರಲಿಲ್ಲ. ಅಷ್ಟರೊಳಗೆ ಹೊಸ ಒಪ್ಪಂದಕ್ಕೆ ಸಹಿ ಬೀಳಬೇಕಿತ್ತು, ಬೀಳಲಿಲ್ಲ. ವರದಿಗಳ ಪ್ರಕಾರ ಇಎಸ್‌ಪಿಎನ್ ಪ್ರತಿ ಸದಸ್ಯನಿಗೆ ವರ್ಷಕ್ಕೆ ಸುಮಾರು ಮೂರು ಕೋಟಿ ಡಾಲರ್ ಎಂದಾಗ ಅಧ್ಯಕ್ಷರುಗಳು ಐದು ಕೋಟಿ ಕೇಳಿದರು. ಮಾತು ಅಲ್ಲಿಗೇ ನಿಂತಿತು. 2022ರ ಅಕ್ಟೋಬರಿನಲ್ಲಿ ಬಿಗ್ 12 ಸರದಿ ತಪ್ಪಿಸಿ ಮುಂದೆ ಬಂದು ಇಎಸ್‌ಪಿಎನ್ ಮತ್ತು ಫಾಕ್ಸ್‌ಗಳಿಂದ ತಲಾ 3.17 ಕೋಟಿ ಡಾಲರಿಗೆ ಒಪ್ಪಂದ ಮಾಡಿಕೊಂಡಿತು. ವಾಹಿನಿಗಳ ಥೈಲಿಯಲ್ಲಿ ಪಶ್ಚಿಮಕ್ಕೆಂದು ಉಳಿದದ್ದು ಸ್ವಲ್ಪವೇ.

ನಡುವೆ ಸ್ಯಾನ್ ಡಿಯೇಗೊ ಸ್ಟೇಟ್‌ಗೆ ಇನ್ನೊಂದು ಬಗೆಯ ಪೆಟ್ಟು ಬಿತ್ತು. ಪ್ಯಾಕ್-12 ಕರೆಯುತ್ತದೆಂಬ ಭರವಸೆಯಲ್ಲಿ 2023ರ ಜೂನ್‌ನಲ್ಲಿ ಅದು ತನ್ನ ಮೌಂಟನ್ ವೆಸ್ಟ್ ಕೂಟಕ್ಕೆ ಪತ್ರ ಬರೆದು, ತಾನು ಹೊರಡುವ ಇರಾದೆಯಲ್ಲಿರುವುದಾಗಿಯೂ ಒಂದು ತಿಂಗಳ ಅವಕಾಶ ಬೇಕೆಂದೂ ಕೇಳಿತು. ಜೂನ್ 30 ಕಳೆದರೆ ನಿರ್ಗಮನ ಶುಲ್ಕ ಸುಮಾರು 1.65 ಕೋಟಿ ಡಾಲರಿನಿಂದ ಇಮ್ಮಡಿಯಾಗುತ್ತಿತ್ತು. ಮೌಂಟನ್ ವೆಸ್ಟ್ ಆ ಪತ್ರವನ್ನೇ ರಾಜೀನಾಮೆ ಎಂದು ಓದಿಕೊಂಡಿತು. ಪ್ಯಾಕ್-12ರ ಕರೆ ಬರಲೇ ಇಲ್ಲ. ವಿಶ್ವವಿದ್ಯಾಲಯ ಹಳೆಯ ಮನೆಯ ಬಾಗಿಲಿಗೇ ಮರಳಿ, ತಾನು ಹೊರಟೇ ಇರಲಿಲ್ಲವೆಂದು ವಾದಿಸಬೇಕಾಯಿತು.

ಜುಲೈ 27ರಂದು ಕೊಲರಾಡೊ ಪ್ಯಾಕ್-12 ಬಿಟ್ಟು ಬಿಗ್ 12ಕ್ಕೆ ಹೋಯಿತು. ಐದು ದಿನಗಳ ಬಳಿಕ ಕಮಿಷನರ್ ಜಾರ್ಜ್ ಕ್ಲಿಯಾವ್‌ಕಾಫ್ ಉಳಿದ ಒಂಬತ್ತು ಮಂದಿಯ ಮುಂದಿಟ್ಟದ್ದು ಆ್ಯಪಲ್ ಕಂಪನಿಯ ಸ್ಟ್ರೀಮಿಂಗ್ ಒಪ್ಪಂದ. ಅದರಲ್ಲಿ ಖಚಿತ ಹಣ ಕಡಿಮೆ. ಚಂದಾದಾರರು ಹೆಚ್ಚಿದಷ್ಟೂ ಪಾಲು ಹೆಚ್ಚು. ಆಗಸ್ಟ್ 4, ಶುಕ್ರವಾರ ಬೆಳಿಗ್ಗೆ ಎಲ್ಲರೂ ಸಹಿ ಹಾಕಲು ಸೇರುವರೆಂಬ ನಿರೀಕ್ಷೆಯಿತ್ತು. ಸಹಿ ಬೀಳಲಿಲ್ಲ. ವಾಷಿಂಗ್ಟನ್, ಆರೆಗನ್ ಎರಡೂ ಬಿಗ್ ಟೆನ್‌ಗೆ ಹೊರಟವು, ಅದೂ ಪೂರ್ಣ ಪಾಲಿನ ಅರ್ಧದಷ್ಟಕ್ಕೆ ಒಪ್ಪಿ. ರಾತ್ರಿಯಾಗುವುದರೊಳಗೆ ಅರಿಝೋನ, ಅರಿಝೋನ ಸ್ಟೇಟ್, ಯೂಟಾ ಬಿಗ್ 12ರ ಪಾಲಾದವು. ಉಳಿದವರು ನಾಲ್ವರು. ಸೆಪ್ಟೆಂಬರ್ 1ರಂದು ಸ್ಟಾನ್‌ಫರ್ಡ್ ಮತ್ತು ಬರ್ಕ್‌ಲಿಯನ್ನು ಎಸಿಸಿ ಶೇಕಡ 30ರ ಪಾಲಿಗೆ ಸೇರಿಸಿಕೊಂಡಿತು. ಪೆಸಿಫಿಕ್ ತೀರದ ಎರಡು ಸಂಸ್ಥೆಗಳು ಅಟ್ಲಾಂಟಿಕ್ ತೀರದ ಕೂಟ ಸೇರಿದವು. ವಾಷಿಂಗ್ಟನ್ ಸ್ಟೇಟ್ ಮತ್ತು ಆರೆಗನ್ ಸ್ಟೇಟ್ ಮಾತ್ರ ನಿಂತಲ್ಲೇ ನಿಂತವು.

ಇವು ಆಟದಲ್ಲಿ ಕೈಲಾಗದವಾಗಿರಲಿಲ್ಲ. 2022ರಲ್ಲಿ ಆರೆಗನ್ ಸ್ಟೇಟ್ ಹತ್ತು ಪಂದ್ಯ ಗೆದ್ದಿತ್ತು. ಬಿಗ್ ಟೆನ್ ಕರೆದುಕೊಂಡ ಆರೆಗನ್ ಕೂಡ ಅದರ ಕೈಯಲ್ಲಿ ಸೋತಿತ್ತು. ಅದೇ ವರ್ಷ ಸ್ಟಾನ್‌ಫರ್ಡ್ ಗೆದ್ದದ್ದು ಮೂರು. 2023ರಲ್ಲಿ ಎಲ್ಲರಿಗಿಂತ ಮೊದಲು ಕರೆ ಪಡೆದ ಕೊಲರಾಡೊ ಹನ್ನೆರಡರಲ್ಲಿ ಒಂದನ್ನಷ್ಟೇ ಗೆದ್ದಿತ್ತು! ಡೆನ್ವರ್ ಮಹಾನಗರ ಕೊಲರಾಡೊದ ಬೆನ್ನಿಗಿದೆ, ಸ್ಯಾನ್ ಫ್ರಾನ್ಸಿಸ್ಕೊ ಸ್ಟಾನ್‌ಫರ್ಡಿನ ಬೆನ್ನಿಗಿದೆ. ಪುಲ್‌ಮನ್ ಗೋಧಿ ಹೊಲಗಳ ನಡುವಿನ ಸಣ್ಣ ಊರು. ಆರೆಗನ್ ಸ್ಟೇಟ್‌ನ ಕೊರ್ವಾಲಿಸ್ ಅದಕ್ಕಿಂತ ತುಸು ದೊಡ್ಡದು. ಕೊರ್ವಾಲಿಸ್‌ನ ರೀಸರ್ ಕ್ರೀಡಾಂಗಣಕ್ಕೆ ಹದಿನಾರು ಕೋಟಿ ಡಾಲರ್ ಸುರಿದು ಮಾಡಿದ ನವೀಕರಣ ಮುಗಿದು ಬಾಗಿಲು ತೆರೆದದ್ದು ಕೂಟ ಕುಸಿದ ಮರು ತಿಂಗಳೇ. ಇಂಥ ಕಾಮಗಾರಿಗೆ ಸಾಲ ಮಾಡುವುದು ಮುಂದಿನ ಇಪ್ಪತ್ತು ಮೂವತ್ತು ವರ್ಷದ ಆದಾಯ ನೆಚ್ಚಿಕೊಂಡು. ಪ್ಯಾಕ್-12ರಿಂದ ಪ್ರತಿ ಸದಸ್ಯನಿಗೆ 2022ರಲ್ಲಿ ಬಂದ ಪಾಲು ಸುಮಾರು 3.7 ಕೋಟಿ ಡಾಲರ್. ಪಕ್ಕದ ಮೌಂಟನ್ ವೆಸ್ಟ್‌ನಲ್ಲಿ ಟಿ.ವಿ. ಪಾಲು ಸುಮಾರು 40 ಲಕ್ಷ. ಈ ಅಂತರವನ್ನು ಯಾವ ಮಿತವ್ಯಯವೂ ತುಂಬಲಾರದು.

ಹಣದ ಬೆನ್ನಿಗೇ ಜನರೂ ಹೋದರು. ಆರೆಗನ್ ಸ್ಟೇಟ್‌ನ ತರಬೇತುದಾರ, ಅಲ್ಲಿಯೇ ಓದಿ ಆಡಿದ್ದ ಜೊನಾಥನ್ ಸ್ಮಿತ್, 2023ರ ನವೆಂಬರಿನಲ್ಲೇ ಬಿಗ್ ಟೆನ್‌ನ ಮಿಷಿಗನ್ ಸ್ಟೇಟ್‌ಗೆ ಹೊರಟರು. ವಾಷಿಂಗ್ಟನ್ ಸ್ಟೇಟ್‌ನ ಕ್ವಾರ್ಟರ್‌ಬ್ಯಾಕ್ ಕ್ಯಾಮ್ ವಾರ್ಡ್ ಮಯಾಮಿ ವಿಶ್ವವಿದ್ಯಾಲಯ ಸೇರಿ, 2025ರಲ್ಲಿ ವೃತ್ತಿಪರ ಲೀಗ್ ಎನ್‌ಎಫ್‌ಎಲ್‌ನ ಆಯ್ಕೆಯಲ್ಲಿ ಮೊದಲ ಹೆಸರಾದರು. ಸಂಸ್ಥೆ ಬದಲಿಸಿದ ಆಟಗಾರ ಒಂದು ವರ್ಷ ಹೊರಗೆ ಕೂರಬೇಕೆಂಬ ಹಳೆಯ ನಿಯಮ 2021ರಲ್ಲೇ ಸಡಿಲಗೊಂಡಿದ್ದರಿಂದ ಇಂಥ ವಲಸೆಗೆ ಅಡ್ಡಿಯಿರಲಿಲ್ಲ. ದೊಡ್ಡ ಕೂಟ ಸೇರಿದವರ ಪಾಡೂ ಹೂವಿನ ಹಾಸಿಗೆಯಲ್ಲ. ಲಾಸ್ ಏಂಜಲಿಸ್‌ನಿಂದ ನ್ಯೂ ಜೆರ್ಸಿಯಲ್ಲಿರುವ ಬಿಗ್ ಟೆನ್ ಸದಸ್ಯ ರಟ್ಗರ್ಸ್‌ಗೆ ಸುಮಾರು ನಾಲ್ಕು ಸಾವಿರ ಕಿಲೊಮೀಟರ್. ಬೆಂಗಳೂರಿನಿಂದ ದೆಹಲಿಗೆ ಹಾರಿ ಮರಳಿದರೂ ಅಷ್ಟಾಗುವುದಿಲ್ಲ. ಫುಟ್‌ಬಾಲ್ ತಂಡ ವರ್ಷಕ್ಕೆ ಕೆಲವೇ ಬಾರಿ, ವಿಶೇಷ ವಿಮಾನದಲ್ಲಿ ಇಂಥ ಪ್ರಯಾಣ ಮಾಡುತ್ತದೆ. ವಾರದ ನಡುವೆಯೂ ಆಡುವ ವಾಲಿಬಾಲ್, ಸಾಫ್ಟ್‌ಬಾಲ್ ಹುಡುಗಿಯರು ಮೂರು ಗಂಟೆಯ ಕಾಲವ್ಯತ್ಯಾಸ ದಾಟಿ ಬಂದು ಬೆಳಗಿನ ತರಗತಿಗೆ ಕೂರಬೇಕು. ಟಿ.ವಿ. ಹಣ ಅವರ ಆಟದಿಂದ ಬಂದದ್ದಲ್ಲ, ಆದರೆ ದಣಿವಿನ ಹೆಚ್ಚಿನ ಪಾಲು ಅವರದೇ.

ಉಳಿದ ಇಬ್ಬರು ಕೈಕಟ್ಟಿ ಕೂರಲಿಲ್ಲ. ವಾಷಿಂಗ್ಟನ್ ಸ್ಟೇಟ್ ಅಧ್ಯಕ್ಷ ಕರ್ಕ್ ಶುಲ್ಝ್ ಮತ್ತು ಆರೆಗನ್ ಸ್ಟೇಟ್ ಅಧ್ಯಕ್ಷೆ, ಐಐಟಿ ಕಾನ್ಪುರದಲ್ಲಿ ಓದಿದ ಜಯತಿ ಮೂರ್ತಿ, ಹೊರಟವರಿಗೆ ಮಂಡಳಿಯಲ್ಲಿ ಮತ ಹಾಕುವ ಹಕ್ಕಿಲ್ಲವೆಂದು ಕೌಂಟಿ ಕೋರ್ಟಿನ ಮೆಟ್ಟಿಲು ಹತ್ತಿದರು. ಅವರು ಹಿಡಿದದ್ದು ಅದೇ ಹಳೆಯ ಉಪವಿಧಿಯನ್ನು. ಕೋಲ್‌ಫ್ಯಾಕ್ಸ್ ಎಂಬ ಪುಟ್ಟ ಊರಿನ ಆ ಕೋರ್ಟು 2023ರ ನವೆಂಬರ್ 14ರಂದು ಅವರ ಪರ ಆದೇಶ ನೀಡಿತು. ಡಿಸೆಂಬರಿನಲ್ಲಿ ರಾಜ್ಯದ ಸುಪ್ರೀಂ ಕೋರ್ಟ್ ಮಧ್ಯಪ್ರವೇಶಿಸಲು ಒಪ್ಪಲಿಲ್ಲ. ಕೂಟದ ಹೆಸರು, ಆಸ್ತಿ, ಬರಬೇಕಾದ ಬಾಕಿ ಎಲ್ಲ ಇಬ್ಬರ ಕೈಗೆ ಬಂತು. ರಾಜಿಯಲ್ಲಿ ಹೊರಟ ಹತ್ತು ಮಂದಿ ಒಟ್ಟು 6.5 ಕೋಟಿ ಡಾಲರ್ ಬಿಟ್ಟುಕೊಟ್ಟರು. ಕೂಟವೊಂದು ಕನಿಷ್ಠ ಸದಸ್ಯರಿಲ್ಲದೆ ಎರಡು ವರ್ಷ ಉಳಿಯಲು ಎನ್‌ಸಿಎಎ ನಿಯಮದಲ್ಲಿ ಅವಕಾಶವಿತ್ತು. 2024ರಲ್ಲಿ ಎರಡು ತಂಡಗಳೂ ಮೌಂಟನ್ ವೆಸ್ಟ್‌ಗೆ 1.4 ಕೋಟಿ ಡಾಲರ್ ತೆತ್ತು ತಲಾ ಆರು ಪಂದ್ಯ ಪಡೆದವು. 2025ರಲ್ಲಿ ಎದುರಾಳಿಗಳು ಸಾಲದೆ ಒಂದೇ ಋತುವಿನಲ್ಲಿ ತಮ್ಮತಮ್ಮಲ್ಲೇ ಎರಡು ಬಾರಿ ಆಡಿದವು.

ಆಶ್ರಯ ಕೊಟ್ಟ ಮೌಂಟನ್ ವೆಸ್ಟ್‌ಗೆ ಸಿಕ್ಕ ಪ್ರತಿಫಲವೇ ಬೇರೆ. 2024ರ ಸೆಪ್ಟೆಂಬರ್ 12ರಂದು ಬಾಯ್ಸಿ ಸ್ಟೇಟ್, ಕೊಲರಾಡೊ ಸ್ಟೇಟ್, ಫ್ರೆಸ್ನೊ ಸ್ಟೇಟ್, ಸ್ಯಾನ್ ಡಿಯೇಗೊ ಸ್ಟೇಟ್‌ಗಳು ಅದನ್ನು ತೊರೆದು ಪ್ಯಾಕ್-12 ಸೇರುವುದಾಗಿ ಪ್ರಕಟಿಸಿದವು. ಹಿಂದೆಯೇ ಯೂಟಾ ಸ್ಟೇಟ್ ಹೊರಟಿತು. ಹಿಂದಿನ ವರ್ಷ ಲೂಟಿಯಾದವರೇ ಈಗ ಲೂಟಿಗಿಳಿದಿದ್ದರು. ಸದಸ್ಯರನ್ನು ಸೆಳೆದದ್ದಕ್ಕೆ ಐದೂವರೆ ಕೋಟಿ ಡಾಲರ್ ದಂಡ ಕೊಡಬೇಕೆಂದು ಮೌಂಟನ್ ವೆಸ್ಟ್ ಪಟ್ಟು ಹಿಡಿದು, ಜಗಳ ಕೋರ್ಟಿಗೆ ಹೋಯಿತು. ಬಾಸ್ಕೆಟ್‌ಬಾಲ್‌ಗೆ ಹೆಸರಾದ ಗಾನ್ಜಾಗ, ಬಳಿಕ ಟೆಕ್ಸಸ್ ಸ್ಟೇಟ್ ಕೂಡ ಪ್ಯಾಕ್-12ಕ್ಕೆ ಒಪ್ಪಿದವು. ಹೊಸ ಕೂಟದ ಆರಂಭಕ್ಕೆ ಗೊತ್ತುಮಾಡಿದ ದಿನ 2026ರ ಜುಲೈ 1.

ಕರಾರುಗಳು ಬಿಗಿಯಾಗಿರುವಲ್ಲೂ ನೆಮ್ಮದಿಯಿಲ್ಲ. 2036ರವರೆಗೆ ಹಕ್ಕು ಬರೆದುಕೊಟ್ಟಿದ್ದ ಫ್ಲಾರಿಡ ಸ್ಟೇಟ್ ಮತ್ತು ಕ್ಲೆಮ್ಸನ್ ತಮ್ಮದೇ ಎಸಿಸಿ ಕೂಟದ ಮೇಲೆ ದಾವೆ ಹೂಡಿದ್ದವು. 2025ರ ಮಾರ್ಚ್‌ನಲ್ಲಿ ರಾಜಿಯಾಯಿತು. ಅದರಂತೆ 2025–26ರಲ್ಲಿ 16.5 ಕೋಟಿ ಡಾಲರ್ ಇರುವ ನಿರ್ಗಮನ ಶುಲ್ಕ ವರ್ಷಕ್ಕೆ 1.8 ಕೋಟಿಯಂತೆ ಇಳಿದು 2030–31ಕ್ಕೆ 7.5 ಕೋಟಿಗೆ ನಿಲ್ಲುತ್ತದೆ. ಬಿಗ್ ಟೆನ್‌ನ ಟಿ.ವಿ. ಒಪ್ಪಂದ ಮುಗಿಯುವುದು 2030ರಲ್ಲಿ, ಬಿಗ್ 12ರದು 2031ರಲ್ಲಿ.